ಅಪ್ಪಣೆ ಕೊಡುವ ಮಿಷನ್

"ಯಾರೂ ಮಾತಾಡ್ಬೇಡಿ. ಅಣ್ಣಯ್ಯನ ಹತ್ರ ಕೇಂತೆ," ಎಂದ ಅಪ್ಪಯ್ಯ.

ಅಷ್ಟು ಹೇಳಿದ್ದೇ ತಡ, ಹಲಸಿನ ಮರದ ಸುತ್ತ ನಿಂತವರೆಲ್ಲ ಗಪ್‌ಚಿಪ್ಪಾದರು. ಮರದ ಯಜಮಾನರು ಮೊಬೈಲನ್ನು ಸೈಲೆಂಟ್ ಮಾಡಿ ಜೇಬಿಗೆ ಹಾಕಿಕೊಂಡರು. ಪ್ರೇಕ್ಷಾ ಕೊಡೆಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

ಅವಳ ಅಪ್ಪಯ್ಯ ಸುಧಾಕರನ ಕೆಲಸ ಮರ ಕಡಿಯುವುದು. ಕೋಟದಿಂದ ಒಳಗೆ ಹೋದರೆ ಸಿಗುವ ನಾಲ್ಕಾರು ಊರುಗಳಲ್ಲಿ, ಗಾಳಿಮಳೆಗೆ ಯಾರ ಮನೆಯ ಮೇಲೆ ಮರ ವಾಲಿದರೂ ಮೊದಲ ಫೋನ್ ಅವನಿಗೇ. ಮರ ಕಡಿಯುವವರು ಬೇರೆ ಯಾರೂ ಇಲ್ಲವೆಂದಲ್ಲ. ಆದರೆ ಸುಧಾಕರನ ಮಿಷನ್ ಇದೆಯಲ್ಲ, ಅದು ಸುಮ್ಮನೆ ಕಡಿಯುವ ಮಿಷನ್ ಅಲ್ಲ. ಕೇಳಿ ಕಡಿಯುವ ಮಿಷನ್!

ಆ ಕಿತ್ತಳೆ ಬಣ್ಣದ ಹಳೇ ಮಿಷನ್ ಮರದ ಬುಡದಲ್ಲಿ, ಒಂದು ಚಪ್ಪಟೆ ಕಲ್ಲಿನ ಮೇಲೆ ಬುರ್‌ರ್‌ರ್ ಎನ್ನುತ್ತ ಕೂತಿತ್ತು. ಇಂಜಿನ್ ಮಾತ್ರ ಓಡುತ್ತಿತ್ತು. ಉದ್ದ ಮೂತಿಯ ಸುತ್ತ ಇರುವ ಹಲ್ಲುಹಲ್ಲಿನ ಚೈನ್ ಅಲ್ಲಾಡದೆ ನಿಂತಿತ್ತು. ನಿಲ್ಲಲೇಬೇಕು, ಯಾಕೆಂದರೆ ಹಿಡಿಕೆ ಒತ್ತಿ ರೇಸ್ ಕೊಡದೆ ಚೈನ್ ತಿರುಗುವುದಿಲ್ಲ. ಹಿಡಿಕೆಯ ಹತ್ತಿರ ಯಾರ ಕೈಯೂ ಇರಲಿಲ್ಲ. ಅಪ್ಪಯ್ಯ ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ.

"ಅಣ್ಣಯ್ಯಾ, ಈ ಮರ ಕಡಿಲಾ? ಬೇಡ ಅಂದ್ರೆ ಹಿಂದೆ ಹೋತೆ."

ಒಂದು ನಿಮಿಷ ಕಳೆಯಿತು. ಎರಡು ನಿಮಿಷ ಕಳೆಯಿತು. ಹಲಸಿನ ಎಲೆಯಿಂದ ಹನಿ ತಟ್ ತಟ್ ಎಂದು ಕೊಡೆಯ ಮೇಲೆ ಬೀಳುತ್ತಿತ್ತು.

ಆಗ ಚೈನ್ ಒಂದು ಹಲ್ಲು ಮುಂದೆ ಹೋಯಿತು. ನಿಂತಿತು. ಇನ್ನೊಂದು ಹಲ್ಲು. ಕಣ್ಣಿಗೆ ಕಾಣದವರು ಯಾರೋ ಬೆರಳಲ್ಲಿ ಮೆಲ್ಲ ತಳ್ಳಿದ ಹಾಗೆ! ಆಮೇಲೆ ಸರ್‌ರ್‌ರ್ ಎಂದು ತನ್ನಷ್ಟಕ್ಕೇ ತಿರುಗತೊಡಗಿತು.

"ತಿರ್ಗಿತ್ ಕಾಣಿ! ಬಚ್ಚ ಹೂಂ ಅಂದ!" ಯಜಮಾನರು ಕೈ ಮುಗಿದೇಬಿಟ್ಟರು.

ಬಚ್ಚ ಅಂದರೆ ಪ್ರೇಕ್ಷಾಳ ದೊಡ್ಡಪ್ಪಯ್ಯ. ಮಿಷನ್ ಅವನದು. ಎರಡು ವರ್ಷದ ಹಿಂದೆ ಜ್ವರ ಬಂದು, ನಾಲ್ಕೇ ದಿನದಲ್ಲಿ ಹೋಗಿಬಿಟ್ಟ. ಅವನು ಹೋದ ಮೇಲೆ ಅಪ್ಪಯ್ಯ ಮೊದಲ ಸಲ ಅಂಗಳದಲ್ಲಿ ಮಿಷನ್ ಸ್ಟಾರ್ಟ್ ಮಾಡಿ ಕೆಳಗಿಟ್ಟಾಗ ಚೈನ್ ಹೀಗೇ ತಿರುಗಿತ್ತು. ಅಜ್ಜಿ ಒಳಗಿಂದ ಓಡಿ ಬಂದು, ಕಂಡು, ಅಲ್ಲೇ ಕುಸಿದು ಕೂತು, "ನನ್ನ ಬಚ್ಚ ಬಂದ! ನನ್ನ ಮಗ ಬಂದ!" ಎಂದು ಅತ್ತಿದ್ದಳು. ಅವತ್ತಿನಿಂದ ಅವನ ಅಪ್ಪಣೆ ಇಲ್ಲದೆ ಅಪ್ಪಯ್ಯ ಒಂದು ಕೊಂಬೆಯನ್ನೂ ಮುಟ್ಟಿಲ್ಲ. ಚೈನ್ ತಿರುಗದ ದಿನ ಮಿಷನ್ನನ್ನು ಗೋಣಿಯಲ್ಲಿ ಸುತ್ತಿ ಮನೆಗೆ ಬರುತ್ತಾನೆ. ಯಾರು ಎಷ್ಟು ಬೇಡಿಕೊಂಡರೂ ಅಷ್ಟೇ.

ಪ್ರೇಕ್ಷಾ ಇದನ್ನು ಹತ್ತಾರು ಸಲ ನೋಡಿದ್ದಳು. ಹತ್ತಾರು ಸಲವೂ ಅವಳ ಕೈಯ ರೋಮ ನೆಟ್ಟಗೆ ನಿಂತಿತ್ತು.

ಆದರೆ ಇವತ್ತು ಇನ್ನೊಂದು ಸಂಗತಿ ಆಯಿತು. ಕಲ್ಲು ಒದ್ದೆಯಾಗಿತ್ತಲ್ಲ, ಮಿಷನ್ ನಡುಗುತ್ತ ನಡುಗುತ್ತ ಜಾರಿತು. ತಿರುಗುವ ಚೈನ್ ಮರದ ಬೇರಿಗೆ ತಾಗಿದ್ದೇ ಮಿಷನ್ ಕಪ್ಪೆಯ ಹಾಗೆ ಹಾರಿ, ನೇರ ಅಪ್ಪಯ್ಯನ ಕಾಲಿಗೇ ಬಂತು!

"ಅಪ್ಪಯ್ಯಾ!"

ಅಪ್ಪಯ್ಯ ಹಿಂದೆ ಹಾರಿದ. ಬಗ್ಗಿ ಸ್ವಿಚ್ ಆಫ್ ಮಾಡಿದ. ಎಲ್ಲರೂ ಅವನ ಕಾಲನ್ನೇ ನೋಡಿದರು. ಐದೂ ಬೆರಳು ಇದ್ದವು. ಹವಾಯಿ ಚಪ್ಪಲಿಯ ಮುಂದಿನ ಮೂಲೆ ಮಾತ್ರ ಇರಲಿಲ್ಲ.

"ಅಣ್ಣಯ್ಯಂಗೆ ಇವತ್ ತಮಾಷಿ ಮಾಡುಕ್ ಕಂಡಿತ್," ಎಂದು ಅಪ್ಪಯ್ಯ ನಕ್ಕ. ಎಲ್ಲರೂ ನಕ್ಕರು.

ಪ್ರೇಕ್ಷಾಳಿಗೆ ನಗು ಬರಲಿಲ್ಲ. ಕೆಸರಿನಲ್ಲಿ ನೀಲಿ ಚಪ್ಪಲಿಯ ತುಂಡು ಬಿದ್ದಿತ್ತು. ಅದರ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗಿರಲಿಲ್ಲ. ಯಾವುದೋ ಪ್ರಾಣಿ ಕಚ್ಚಿ ಜಗಿದ ಹಾಗಿತ್ತು. ಅವಳು ಅದನ್ನು ಎತ್ತಿ, ಸ್ಕೂಲ್ ಬ್ಯಾಗಿನೊಳಗಿನ ಕಂಪಾಸ್ ಬಾಕ್ಸಿಗೆ ಹಾಕಿಕೊಂಡಳು.

ದಾರಿಯಲ್ಲಿ ಅಪ್ಪಯ್ಯ ಹೇಳಿದ, "ನಿಮ್ಮ ಪೂಜಿತಾ ಟೀಚರ್ ಫೋನ್ ಮಾಡಿದ್ರ್. ಶಾಲಿ ಮಾಡಿನ ಹಂಚಿನ ಮೇಲೆ ದೂಪದ ಮರದ ಕೊಂಬಿ ವಾಲಿತ್ತಂಬ್ರು. ಅಮಾಸಿ ಕಳ್ದ್ ಮೂರನೇ ದಿನ ಬತ್ತೆ ಅಂದೆ."

"ಕೆಳ್ಗೇ ನಿತ್ಕಂಡ್ ಕಡುದಾ?"

"ಎಲ್ಲಿಯ ಕೆಳ್ಗೆ? ಮೂರಾಳ್ ಎತ್ರ ಇತ್ತ್. ಸೊಂಟಕ್ಕೆ ಹಗ್ಗ ಕಟ್ಕಂಡ್, ಮೇಲೆ ಹತ್ತಿಯೇ ಕಡೀಕ್."

ಪ್ರೇಕ್ಷಾ ನಿಂತುಬಿಟ್ಟಳು. ನೆಲದ ಮೇಲಾದರೆ ಹಿಂದಕ್ಕೆ ಹಾರಬಹುದು. ಕೊಂಬೆಯ ಮೇಲೆ ಕೂತವನು ಎಲ್ಲಿಗೆ ಹಾರುವುದು?

ಮರುದಿನ ಆದಿತ್ಯವಾರ. ಚೈನಿನ ಹಲ್ಲಿಗೆ ಅರ ಹಾಕಿಸಲು ಅಪ್ಪಯ್ಯ ಕೋಟೇಶ್ವರಕ್ಕೆ ಹೊರಟ. ಪ್ರೇಕ್ಷಾ ಹಟ ಮಾಡಿ ಜೊತೆಗೆ ಹೋದಳು. ಅಲ್ಲಿ ಪಾಂಡು ಮಾಮನ ರಿಪೇರಿ ಅಂಗಡಿ ಇತ್ತು. ಪಾಂಡು ಮಾಮ ಮಿಷನ್ ಬಿಚ್ಚಿದ, ಕನ್ನಡಕ ಏರಿಸಿದ, ಒಳಗೆ ನೋಡಿದ, ಕನ್ನಡಕ ಇಳಿಸಿದ.

"ಹ್ವಾಯ್ ಸುಧಾಕರ, ಇದ್ ಮಿಷನ್ನಾ, ಯಮನಾ? ಚೈನ್ ತನ್ನಷ್ಟಿಗೆ ತಿರ್ಗುತ್ತಲ್ದಾ?"

"ಅದ್ ನಮ್ಮ ಅಣ್ಣಯ್ಯ."

"ಅಣ್ಣಯ್ಯನೂ ಅಲ್ಲ, ತಮ್ಮಯ್ಯನೂ ಅಲ್ಲ ಮಾರಾಯ! ಸ್ಪ್ರಿಂಗ್!" ಪಾಂಡು ಮಾಮ ಒಂದು ಪುಟ್ಟ ಸ್ಪ್ರಿಂಗನ್ನು ಎತ್ತಿ ಹಿಡಿದ. ಅದು ಎಳೆದೆಳೆದು ಬಿಟ್ಟ ಹಾಗೆ ಸಡಿಲವಾಗಿತ್ತು. "ರೇಸ್ ಕೊಡುವವರೆಗೆ ಕ್ಲಚ್ಚನ್ನ ಇದ್ ಹಿಡ್ಕಂಡ್ ಇರ್ಕ್. ಹಿಡಿತ ಬಿಡ್ತಾ, ಚೈನ್ ಹೊರಟಿತೇ."

ಪ್ರೇಕ್ಷಾ ಮೆಲ್ಲ ಕೇಳಿದಳು, "ಒಂದೊಂದ್ ಸಲ ತಿರ್ಗುದೇ ಇಲ್ಲೆ ಅಲ್ದಾ, ಮಾಮಾ?"

"ಇಂಜಿನ್ ತಣ್ಣಗಿಪ್ಪತಿಗೆ ತಿರ್ಗುದಿಲ್ಲೆ. ಬಿಸಿ ಆದ್ರೆ ಶುರು. ನಿನ್ನ ಹೆಣ್ ಹುಷಾರಿತ್ತ್, ಸುಧಾಕರ."

"ಹಂಗಾರೆ ರಿಪೇರಿ ಆತ್ತಾ?" ಅವಳೇ ಮತ್ತೆ ಕೇಳಿದಳು.

"ಸ್ಪ್ರಿಂಗ್ ಹಾಕ್ಲಕ್ಕ್. ಆರೆ ಬ್ರೇಕೂ ಹಿಡೀತಿಲ್ಲೆ, ಬಾಡಿಯೂ ಕ್ರ್ಯಾಕ್ ಬಿಟ್ಟಿತ್. ಈ ಮಾಡಲಿನ ಪಾರ್ಟ್ ಬಪ್ಪುದ್ ನಿಂತು ಯಾವ ಕಾಲ ಆಯ್ತ್! ನನ್ನ ಮಾತ್ ಕೇಂಬುದಾರೆ ಹೊಸತ್ ತಕೋ. ಇದನ್ನ ಹಿಡ್ಕಂಡ್ ಮರ ಮಾತ್ರ ಹತ್ತಬೇಡ."

ಅಪ್ಪಯ್ಯ ಗೋಣಿ ಬಿಡಿಸಿದ.

"ಸ್ಪ್ರಿಂಗ್ ಹಾಕಿರೆ ತಿರ್ಗುದ್ ನಿಲ್ಲುತ್ತ್, ಪಾಂಡಣ್ಣ. ಅಣ್ಣಯ್ಯ ಮಾತಾಡುದೂ ನಿಲ್ಲುತ್ತ್. ಹೊಸತ್ ತಂದ್ರೆ ಅಂವ ಎಲ್ಲಿಗ್ ಹೋಪುದ್? ರಿಪೇರಿಯೂ ಬೇಡ, ಹೊಸತೂ ಬೇಡ. ಅರ ಹಾಕಿ ಕೊಡ್, ಸಾಕ್."

ಬಸ್ಸಿನಲ್ಲಿ ಗೋಣಿಯನ್ನು ಸೀಟಿನ ಕೆಳಗೆ ಇಟ್ಟಿದ್ದರು. ಪ್ರೇಕ್ಷಾ ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು ಕೂತಳು.

"ಅಪ್ಪಯ್ಯಾ, ನಂಗೆ ಹೆದ್ರಿಕೆ ಆತ್ತ್."

"ದೊಡ್ಡಪ್ಪಯ್ಯಂಗೆ ಹೆದ್ರುದಾ? ನಿನ್ನ ಹೆಗಲ ಮೇಲೆ ಕೂರ್ಸ್ಕಂಡ್ ಊರೆಲ್ಲ ತಿರ್ಗಿದವ ಅಂವ!"

ಹೌದು, ದೊಡ್ಡಪ್ಪಯ್ಯನಿಗೆ ಅವಳು ಯಾಕೆ ಹೆದರಬೇಕು? ಅದು ದೊಡ್ಡಪ್ಪಯ್ಯ ಅಲ್ಲದಿದ್ದರೆ ಎಂತ ಗತಿ ಎಂದೇ ಅವಳ ಹೆದರಿಕೆ. ಅದನ್ನು ಬಾಯಿ ಬಿಟ್ಟು ಹೇಳಲು ಆಗಲಿಲ್ಲ.

ಮನೆಯಲ್ಲಿ ಅಜ್ಜಿ ಜಗಲಿಯ ಮೇಲೆ ಕೂತು ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದಳು. ಅಜ್ಜಿಯ ಹೆಸರು ಅಕ್ಕು; ಊರಿಗೆಲ್ಲ ಅವಳು ಜೋರು ಬಾಯಿಯ ಅಜ್ಜಿ. ಪ್ರೇಕ್ಷಾ ಪಕ್ಕದಲ್ಲಿ ಕೂತು ಪಾಂಡು ಮಾಮ ಹೇಳಿದ್ದನ್ನೆಲ್ಲ ಹೇಳಿದಳು. ಕಂಪಾಸ್ ಬಾಕ್ಸ್ ತೆಗೆದು ಚಪ್ಪಲಿಯ ತುಂಡನ್ನು ತೋರಿಸಿದಳು.

"ದೊಡ್ಡಪ್ಪಯ್ಯ ಆರೆ ಅಪ್ಪಯ್ಯನ ಕಾಲ್ ಕಡುಕ್ ಬತ್ತಿದ್ನಾ ಅಜ್ಜಿ?"

"ಬಾಯ್ ಮುಚ್! ಹೋದವರ ಬಗ್ಗೆ ಹಂಗೆಲ್ಲ ಹೇಳುಕಾಗ," ಅಜ್ಜಿ ಗದರಿದಳು.

ಆದರೆ ತುಂಡನ್ನು ಹಿಂದೆ ಕೊಡಲಿಲ್ಲ. ಕಣ್ಣಿನ ಹತ್ತಿರ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಜಗಿದ ಹಾಗಿದ್ದ ಅಂಚಿನ ಮೇಲೆ ಬೆರಳಾಡಿಸಿದಳು.

"ಪಾಂಡು ಎಂತ ಹೇಳ್ದ? ಇನ್ನೊಂದ್ ಸಲ ಹೇಳ್, ಹೆಣೆ."

"ಸ್ಪ್ರಿಂಗ್ ಸಡ್ಲ ಆಯ್ತಂಬ್ರು. ಅದಕ್ಕೇ ತಿರ್ಗುದಂಬ್ರು."

ಅಜ್ಜಿ ಕೆಸುವಿನ ಎಲೆಯನ್ನು ಅಲ್ಲೇ ಬಿಟ್ಟು ಎದ್ದಳು. ಮಿಷನ್ ಕೋಣೆಗೆ ಹೋಗಿ, ಬಾಗಿಲಲ್ಲಿ ನಿಂತು, ಗೋಡೆಯನ್ನೇ ನೋಡತೊಡಗಿದಳು.

ಮಿಷನ್ ಕೋಣೆ ಅಂದರೆ ಬಚ್ಚಲಿನ ಪಕ್ಕದ ಕಟ್ಟಿಗೆ ಕೋಣೆ. ಅಲ್ಲಿಗೆ ಒಬ್ಬಳೇ ಹೋಗುವುದೆಂದರೆ ಪ್ರೇಕ್ಷಾಳಿಗೆ ಆಗದು. ಮಿಷನ್ ಇರುವುದು ಒಂದು ಕಾರಣ. ಇನ್ನೊಂದು ಕಾರಣ ಹಿಂದಿನ ಗೋಡೆಯಲ್ಲಿತ್ತು. ಕಟ್ಟಿಗೆ ರಾಶಿಯ ಮೇಲೆ, ಎರಡು ಗೂಟಕ್ಕೆ ದೊಡ್ಡಪ್ಪಯ್ಯನ ಕಪ್ಪು ಗಂಬೂಟುಗಳನ್ನು ತಲೆಕೆಳಗಾಗಿ ಸಿಕ್ಕಿಸಿದ್ದರು. ಅವನು ಹೋದ ಮೇಲೆ ಯಾರೂ ಅವನ್ನು ಮುಟ್ಟಿರಲಿಲ್ಲ. ಸುತ್ತಲೂ ಜೇಡ ಬಲೆ ಕಟ್ಟಿತ್ತು. ಮಬ್ಬು ಬೆಳಕಿನಲ್ಲಿ ನೋಡಿದರೆ, ಯಾರೋ ಮಾಡಿನ ಹಂಚಿಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತ ಹಾಗೆ ಕಾಣುತ್ತಿತ್ತು.

ಆಸಾಡಿ ಅಮಾಸಿ, ಅಂದರೆ ಆಷಾಢದ ಅಮಾವಾಸ್ಯೆ ಬಂತು. ಬೆಳಿಗ್ಗೆಯೇ ಎಲ್ಲರೂ ಹಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ ಕಷಾಯ ಕುಡಿದರು. ಅಬ್ಬಬ್ಬ, ಅದರ ಕಹಿಯೇ! ಆ ಕೆತ್ತೆಯನ್ನು ಕಲ್ಲಲ್ಲಿ ಜಜ್ಜಿಯೇ ತೆಗೆಯಬೇಕು, ಕತ್ತಿ ತಾಗಿಸುವಂತಿಲ್ಲ. ಅವತ್ತು ಅಪ್ಪಯ್ಯ ಯಾವ ಮರಕ್ಕೂ ಕಬ್ಬಿಣ ಮುಟ್ಟಿಸುವುದಿಲ್ಲ. ಅಮ್ಮ ಹರಿಣಾಕ್ಷಿಯೂ ಗೇರುಬೀಜದ ಫ್ಯಾಕ್ಟರಿಗೆ ರಜೆ ಹಾಕಿದ್ದಳು. ಹೋದವರಿಗೆ ಬಡಿಸುವ ದಿನ ಅದು.

ಎರಡು ವರ್ಷದಿಂದ ದೊಡ್ಡಪ್ಪಯ್ಯನ ಎಡೆ ಮಿಷನ್ ಮುಂದೆಯೇ. ಮಧ್ಯಾಹ್ನ ಆದರೂ ಮೋಡ ಕವಿದು ಕೋಣೆಯಲ್ಲಿ ಕತ್ತಲೆ. ಅಮ್ಮ ಬಾಳೆಲೆ ಹಾಕಿ ನೀರ್‌ದೋಸೆ, ಕೋಳಿ ಸಾರು ಬಡಿಸಿದಳು. ಅಪ್ಪಯ್ಯ ದೀಪ ಹಚ್ಚಿದ. ದೀಪದ ಬೆಳಕು ಗೋಡೆಗೆ ಬಿದ್ದಾಗ ಪ್ರೇಕ್ಷಾ ಬೇಡ ಬೇಡವೆಂದರೂ ಮೇಲೆ ನೋಡಿದಳು. ಗಂಬೂಟುಗಳು ಎಂದಿನ ಹಾಗೆ ತಲೆಕೆಳಗಾಗಿ ನಿಂತಿದ್ದವು.

"ನೀವೆಲ್ಲ ಹೊರಗ್ ಹೋಯ್ನಿ. ನಾ ಕುಡುಕ್ ನೀರಿಟ್ಟ್ ಬತ್ತೆ," ಎಂದಳು ಅಜ್ಜಿ.

ನೀರಿಡಲು ಅಷ್ಟು ಹೊತ್ತು ಬೇಕಾ? ಪ್ರೇಕ್ಷಾ ಅಂಗಳದ ಗೋಡೆಗೆ ಒರಗಿ ಇಪ್ಪತ್ತು ಎಣಿಸಿದಳು, ಐವತ್ತು ಎಣಿಸಿದಳು. ಅಂತೂ ಅಜ್ಜಿ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಸೆರಗನ್ನು ತಲೆಯ ಮೇಲೆ ಹೊದ್ದಿದ್ದಳು.

ಇನ್ನು ಯಾರೂ ಮಾತಾಡುವಂತಿಲ್ಲ. ತೀರಿಹೋದವರು ಒಳಗೆ ಬಂದು ಉಣ್ಣುವ ಹೊತ್ತು. ಮಳೆ ನಿಂತಿತ್ತು. ಕೋಳಿ ಕೂಡ ಕೂಗಲಿಲ್ಲ.

ತೊಪ್!

ಒಳಗೆ ಏನೋ ಬಿತ್ತು. ಮೆತ್ತಗಿನದು, ಭಾರದ್ದು.

ಅಮ್ಮ ಪ್ರೇಕ್ಷಾಳ ಕೈ ಹಿಸುಕಿದಳು. ಅಪ್ಪಯ್ಯನ ಮುಖ ಬೆಳ್ಳಗಾಯಿತು. ಅಜ್ಜಿ ಮಾತ್ರ ಬೆಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ.

"ಬಾಗ್ಲ್ ತೆಗಿ, ಸುಧಾಕರ," ಎಂದಳು ಸ್ವಲ್ಪ ಹೊತ್ತಿನ ಮೇಲೆ.

ಅಪ್ಪಯ್ಯ ಮೂರು ಸಲ ಬಾಗಿಲು ತಟ್ಟಿ, ತಳ್ಳಿದ.

ಎಡೆ ಹಾಗೇ ಇತ್ತು. ದೀಪ ಉರಿಯುತ್ತಿತ್ತು. ಗೋಡೆಯ ಗೂಟ ಎರಡೂ ಖಾಲಿ! ಒಂದು ಗಂಬೂಟು ಮಿಷನ್ ಮುಂದೆ ನೆಟ್ಟಗೆ ನಿಂತಿತ್ತು. ಇನ್ನೊಂದು ಅದರ ಪಕ್ಕದಲ್ಲಿ ಅಡ್ಡ ಬಿದ್ದಿತ್ತು. ಅದರ ಮೂತಿ ಬಾಗಿಲ ಕಡೆಗೇ ಇತ್ತು.

"ಓ ದೇವ್ರೇ," ಎಂದಳು ಅಮ್ಮ.

"ಅಣ್ಣಯ್ಯ..." ಅಪ್ಪಯ್ಯ ಬಿದ್ದ ಗಂಬೂಟನ್ನು ಎತ್ತಿದ. ದೀಪಕ್ಕೆ ಹಿಡಿದ. ಮೂತಿಯ ರಬ್ಬರ್ ಮೂರು ಕಡೆ ಹರಿದಿತ್ತು. ಹರಿದ ಅಂಚಿನಲ್ಲಿ ಹಳೇ ಆಯಿಲಿನ ಕಪ್ಪು ಒಣಗಿತ್ತು.

"ಇದ್... ಚೈನ್ ತಾಗಿದ್ದ್," ಎಂದ.

ಅಜ್ಜಿ ಬಾಗಿಲಲ್ಲೇ ನಿಂತು ಹೇಳಿದಳು, "ನಾಕ್ ವರ್ಷದ ಹಿಂದೆ ಬಚ್ಚ ಕಾಲಿಗೆ ಗಾಯ ಮಾಡ್ಕಂಡ್ ಬಂದಿದ್ದ. ಕತ್ತಿ ತಾಗಿತ್ ಅಂದ. ನಾನೂ ಹೌದ್ ಅಂದ್ಕಂಡೆ. ಹದಿನೈದ್ ದಿನ ಮದ್ದ್ ಹಚ್ಚಿದ್ ನಾನೇ."

ನಾಲ್ಕು ವರ್ಷ! ಪ್ರೇಕ್ಷಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ದೊಡ್ಡಪ್ಪಯ್ಯ ಹೋಗಿ ಎರಡೇ ವರ್ಷ. ಅಂದರೆ ಅವನು ಬದುಕಿರುವಾಗಲೇ, ಈ ಬೂಟು ಹಾಕಿ ಪಕ್ಕದಲ್ಲಿ ನಿಂತಿರುವಾಗಲೇ, ಅಪ್ಪಯ್ಯನ ಚಪ್ಪಲಿಗೆ ಬಂದ ಹಾಗೇ ಚೈನ್ ಹಾರಿ ಬಂದು ಕಚ್ಚಿದೆ. ಹಾಗಾದರೆ ಆಗ ಅದನ್ನು ತಿರುಗಿಸಿದ್ದು ಯಾರು?

ಅವಳು ಓಡಿ ಹೋಗಿ ಅಜ್ಜಿ ಜಗಲಿಯ ಮೇಲೆ ಇಟ್ಟಿದ್ದ ಚಪ್ಪಲಿಯ ತುಂಡನ್ನು ತಂದಳು. ಅಪ್ಪಯ್ಯನ ಪಕ್ಕದಲ್ಲಿ ಕೂತು, ಅದನ್ನು ಗಂಬೂಟಿನ ಹರಿದ ಮೂತಿಯ ಹತ್ತಿರ ಇಟ್ಟಳು. ಎರಡರಲ್ಲೂ ಅದೇ ಜಗಿದ ಅಂಚು. ಎರಡರಲ್ಲೂ ಅದೇ ಹಲ್ಲು.

ಅಪ್ಪಯ್ಯ ಒಮ್ಮೆ ಅದನ್ನು ನೋಡಿದ, ಒಮ್ಮೆ ಇದನ್ನು ನೋಡಿದ. ಆಮೇಲೆ ನೆಲದ ಮೇಲೇ ಕೂತು, ಗಂಬೂಟನ್ನು ತೊಡೆಯ ಮೇಲಿಟ್ಟುಕೊಂಡು ಹೋ ಎಂದು ಅತ್ತುಬಿಟ್ಟ. ಅಪ್ಪಯ್ಯ ಹಾಗೆ ಅತ್ತದ್ದನ್ನು ಪ್ರೇಕ್ಷಾ ಕಂಡದ್ದೇ ಇಲ್ಲ.

"ಇದನ್ನ ತೋರ್ಸುಕೇ ಅಂವ ಬೂಟ್ ಇಳ್ಸಿದ್ದ್, ಅಬ್ಬೆ! ನಂಗೆ ಬುದ್ಧಿ ಬರ್ಲಿ ಅಂದೇಳಿಯೇ ಇಳ್ಸಿದ್ದ್!"

"ಹೌದ್ ಮಗಾ," ಎಂದಳು ಅಜ್ಜಿ. "ಅಂವ ಹೇಳಿದ್ ಕೇಣ್."

ಅಪ್ಪಯ್ಯ ಕಣ್ಣೊರೆಸಿಕೊಂಡು ಎದ್ದ. ಸ್ಪ್ಯಾನರ್ ತಂದು ಎರಡು ನಟ್ ಬಿಚ್ಚಿ, ಮಿಷನ್ನಿನ ಚೈನ್ ತೆಗೆದು, ಗೋಣಿಯಲ್ಲಿ ಸುತ್ತಿದ. ಹಲ್ಲು ಉದುರಿದ ಮುದುಕನ ಹಾಗೆ ಮಿಷನ್ ಸಪ್ಪಗೆ ಕೂತಿತು.

"ನಾಳೆ ಕೋಟೇಶ್ವರಕ್ ಹೋಪ, ಪ್ರೇಕ್ಷಾ. ಪಾಂಡಣ್ಣನ ಹತ್ರ ಹೊಸತ್ ಯಾವ್ದ್ ಒಳ್ಳೇದ್ ಕೇಂಬ. ಬ್ರೇಕ್ ಸಮಾ ಇಪ್ಪುದೇ ಆಯ್ಕ್."

ಪ್ರೇಕ್ಷಾ ಜೋರಾಗಿ ತಲೆ ಆಡಿಸಿದಳು.

ಊಟಕ್ಕೆ ಎಲೆ ಹಾಕಿದರೂ ಅಜ್ಜಿ ಬರಲಿಲ್ಲ. ಅಮ್ಮ ಪ್ರೇಕ್ಷಾಳನ್ನು ಕಳಿಸಿದಳು. ಮಿಷನ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಜ್ಜಿ ಒಳಗೆ ಕೂತು, ಚೈನ್ ಇಲ್ಲದ ಮಿಷನ್ನಿನ ಮೇಲೆ ಕೈ ಇಟ್ಟಿದ್ದಳು. ಸೆರಗು ಹೆಗಲಿಗೆ ಜಾರಿತ್ತು.

"ಸಾಕ್ ಮಗಾ," ಎನ್ನುತ್ತಿದ್ದಳು, ಸಣ್ಣ ಮಗುವನ್ನು ಮಲಗಿಸುವ ಸ್ವರದಲ್ಲಿ. "ಇನ್ ನೀ ಮನಿಕೋ."

ಪ್ರೇಕ್ಷಾ ಹೆಜ್ಜೆ ಸಪ್ಪಳ ಮಾಡದೆ ಹತ್ತಿರ ಹೋದಳು. ಅಜ್ಜಿಯ ತುರುಬಿನಲ್ಲಿ ಬೂದಿ ಬಣ್ಣದ್ದು ಏನೋ ಅಂಟಿತ್ತು. ಜೇಡರ ಬಲೆ! ಎರಡು ವರ್ಷದ ಧೂಳು ಕೂತ ದಪ್ಪ ಬಲೆ.

ಅವಳು ತಲೆ ಎತ್ತಿ ಗೋಡೆ ನೋಡಿದಳು. ಗೂಟದ ಸುತ್ತ ಇದ್ದ ಬಲೆ ಹರಿದು ಜೋತಾಡುತ್ತಿತ್ತು. ಅದರ ಕೆಳಗೆ ಕಟ್ಟಿಗೆ ರಾಶಿ, ಯಾರೋ ಕಾಲಿಟ್ಟು ಹತ್ತಿದ ಹಾಗೆ ಒಂದು ಕಡೆ ಕುಸಿದಿತ್ತು.

ದೊಡ್ಡಪ್ಪಯ್ಯ ಬೂಟು ಇಳಿಸಿದ್ದರೆ ಬಲೆ ಅಜ್ಜಿಯ ತುರುಬಿಗೆ ಯಾಕೆ ಹತ್ತಬೇಕು?

ಪ್ರೇಕ್ಷಾ ಉಸಿರು ಬಿಗಿಹಿಡಿದು ನಿಂತಳು. ನೀರಿಡಲು ಅಷ್ಟು ಹೊತ್ತಾದದ್ದು, ತಲೆಗೆ ಸೆರಗು ಹೊದ್ದದ್ದು, ತೊಪ್ ಎಂದಾಗ ಬೆಚ್ಚದೆ ಇದ್ದದ್ದು, ಒಂದೊಂದಾಗಿ ನೆನಪಾಯಿತು. ಅಜ್ಜಿ ನಿಲ್ಲಿಸಿಟ್ಟ ಬೂಟು ಮೂತಿ ಹರಿದು ನಿಲ್ಲಲಾರದೆ ಮಗುಚಿದ್ದೇ ಆ ತೊಪ್ ಸದ್ದು. "ನನ್ನ ಬಚ್ಚ ಬಂದ" ಎಂದು ಅಂಗಳದಲ್ಲಿ ಕುಸಿದು ಅತ್ತ ಅಜ್ಜಿಯೂ ನೆನಪಾದಳು. ಎರಡು ವರ್ಷ ಅಜ್ಜಿ ಈ ಮಿಷನ್ನಿನಲ್ಲಿ ಮಗನನ್ನು ಇಟ್ಟುಕೊಂಡಿದ್ದಳು. ಇವತ್ತು ಅವಳೇ ಅವನನ್ನು ಕಳಿಸಿಕೊಟ್ಟಿದ್ದಳು. ಪ್ರೇಕ್ಷಾಳ ಕಣ್ಣು ತುಂಬಿ ಬಂತು.

ಹೊರಗೆ ಅಪ್ಪಯ್ಯನ ಹೆಜ್ಜೆ ಕೇಳಿಸಿತು. "ಅಬ್ಬೆ, ಉಂಬುಕ್ ಬಾ!"

ಪ್ರೇಕ್ಷಾ ಬೇಗ ಕೈ ಚಾಚಿ, ತುರುಬಿನಿಂದ ಬಲೆಯನ್ನು ಎಳೆದು ಮುಷ್ಟಿಯೊಳಗೆ ಹಿಡಿದುಕೊಂಡಳು.

ಅಜ್ಜಿ ಬೆಚ್ಚಿ ತಿರುಗಿದಳು. "ಎಂತದ್ ಹೆಣೆ ಅದ್?"

"ಎಂತ ಇಲ್ಲೆ, ಅಜ್ಜಿ."

ಅಜ್ಜಿ ಅವಳ ಮುಖ ನೋಡಿದಳು. ಮುಚ್ಚಿದ ಮುಷ್ಟಿ ನೋಡಿದಳು. ಜೋರು ಬಾಯಿಯ ಅಕ್ಕು ಅಜ್ಜಿ ಒಂದು ಮಾತೂ ಆಡಲಿಲ್ಲ. ಮೊಮ್ಮಗಳ ಹೆಗಲು ಹಿಡಿದು ಮೆಲ್ಲ ಎದ್ದಳು.

ಅಂಗಳದಲ್ಲಿ ಮತ್ತೆ ಮಳೆ ಶುರುವಾಗಿತ್ತು. ಅಪ್ಪಯ್ಯ ಮುಂದೆ ಹೋಗುವವರೆಗೆ ಕಾದು, ಪ್ರೇಕ್ಷಾ ಮಾಡಿನಿಂದ ಇಳಿಯುವ ನೀರಿಗೆ ಕೈಯೊಡ್ಡಿ ಮುಷ್ಟಿ ಬಿಡಿಸಿದಳು. ಬಲೆ ನೀರಿನೊಂದಿಗೆ ಹೋಯಿತು. ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಅಜ್ಜಿಯ ಪಕ್ಕದಲ್ಲಿ ಉಣ್ಣಲು ಕೂತಳು.